ಹುಲಿಯಪ್ಪನ ಎಡೆಗೆ ಯಾವ ಬೀರು

ಹೊಸನಗರದ ಬಸ್ ಸ್ಟ್ಯಾಂಡ್ ಹತ್ತಿರದ ಬಾರಿನಲ್ಲಿ ಮೂವತ್ತಾರು ವರ್ಷ ಸಪ್ಲೈಯರ್ ಆಗಿದ್ದ ಗುತ್ಯಪ್ಪ ಒಂದು ತೊಟ್ಟು ಬೀರನ್ನೂ ನಾಲಿಗೆಗೆ ಮುಟ್ಟಿಸಿದವನಲ್ಲ ಅಂದರೆ ಹೊಸಬರು ನಂಬೋದಿಲ್ಲ. ನಂಬದಿದ್ದರೆ ಬಿಡಲಿ, ಅವನಿಗೇನೂ ಆಗಬೇಕಾಗಿಲ್ಲ. ಕುಡಿಯದವನಿಗೆ ರುಚಿ ಹೇಗೆ ಗೊತ್ತು ಅಂತ ಯಾರಾದರೂ ಕೆಣಕಿದರೆ, "ನಾನು ಬಾಟ್ಲಿ ನೋಡಲ್ಲ ಮಾರಾಯ್ರೆ, ಮುಖ ನೋಡ್ತೀನಿ" ಅನ್ನುತ್ತಿದ್ದ. ಮೊದಲ ಗುಟುಕು ಇಳಿಯುವಾಗ ಗಿರಾಕಿಯ ಹುಬ್ಬು ಎಲ್ಲಿಗೆ ಹೋಯಿತು ಅಂತ ನೋಡಿಟ್ಟುಕೊಂಡರೆ ಮುಗೀತು. ಎರಡನೇ ಸಲ ಆ ಮನುಷ್ಯ ಬಾಯಿಬಿಟ್ಟು ಕೇಳುವ ಪ್ರಮೇಯವೇ ಬರುತ್ತಿರಲಿಲ್ಲ.

ಅವನು ಹಾಗೆ ಮೊದಲು ಓದಿದ ಮುಖ ಹುಲಿಯಪ್ಪನದು. ಹುಲಿಯಪ್ಪ ಖಾಸಗಿ ಬಸ್ಸುಗಳ ಏಜೆಂಟ್. ಬೆಳಗಿನಿಂದ "ಸಾಗರ, ಸಾಗರ, ತೀರ್ಥಳ್ಳಿ, ತೀರ್ಥಳ್ಳಿ" ಅಂತ ಕೂಗಿ ಕೂಗಿ ಗಂಟಲು ಕಿತ್ತುಬಂದ ಮೇಲೆ ಸಂಜೆ ಒಂದೇ ಒಂದು ಬೀರು. ಬಾರಿಗೆ ಫ್ರಿಜ್ಜು ಬರುವ ಮುಂಚಿನ ಮಾತು ಅದು. ಬಾಟ್ಲಿಗಳನ್ನು ಬಾವಿಕಟ್ಟೆ ಪಕ್ಕ ಒದ್ದೆ ಗೋಣಿಚೀಲದಲ್ಲಿ ಸುತ್ತಿಡುತ್ತಿದ್ದರು. ಆ ತಂಪೇ ಹುಲಿಯಪ್ಪನಿಗೆ ಹಿತ. ಮುಂದೆ ಫ್ರಿಜ್ಜು ಬಂದರೂ ಗುತ್ಯಪ್ಪ ಅವನ ಬಾಟ್ಲಿಯನ್ನು ಅರ್ಧ ಗಂಟೆ ಮೊದಲೇ ತೆಗೆದು ಹೊರಗಿಡುತ್ತಿದ್ದ. ಕಹಿಯೂ ಮುಂದಾಗದ, ಸಿಹಿಯೂ ಮುಂದಾಗದ ಹದದ ಬೀರು, ಎರಡು ಬೆರಳು ನೊರೆ. ಹುಲಿಯಪ್ಪ ಒಂದು ಗುಟುಕು ಕುಡಿದು, "ಗುತ್ಯಾ, ಬದುಕ್ಕಂಡೆ" ಅನ್ನುತ್ತಿದ್ದ. ಎಂಥಾ ಒಳ್ಳೆ ಸಂಜೆಗಳು ಅವು.

ಹುಲಿಯಪ್ಪ ಹೋಗಿ ಒಂದೂವರೆ ವರ್ಷ. ಈ ಪಿತೃಪಕ್ಷದಲ್ಲಿ ಅವನನ್ನು ಹಿರಿಯರ ಜೊತೆ ಸೇರಿಸಿ ಎಡೆ ಇಡುವುದು ಅಂತಾಯಿತು. ಹೋದವರು ಇಷ್ಟಪಟ್ಟು ತಿಂದದ್ದು, ಕುಡಿದದ್ದು ಎಲ್ಲಾ ಎಲೆ ಮೇಲೆ ಬರಬೇಕು. ಕೋಳಿಸಾರು, ಕಡುಬು, ಒಂದು ಕಟ್ಟು ಬೀಡಿ, ಇದರಲ್ಲೆಲ್ಲ ಯಾರ ತಕರಾರೂ ಇರಲಿಲ್ಲ. ಜಗಳ ಹತ್ತಿದ್ದು ಬೀರಿಗೆ.

ಮಗ ಶ್ಯಾಮ ಪೇಟೆಯಿಂದ ಅಪ್ಪ ಯಾವಾಗಲೂ ಕುಡಿಯುತ್ತಿದ್ದ ಹಳೇ ಬೀರನ್ನೇ ತಂದಿದ್ದ. ಮಗಳು ಸೌಜನ್ಯಾ ಗೋವಾದಲ್ಲಿ ಒಂದು ಸಣ್ಣ ಬೀರು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಳೆ, ಬೀರು ಮಾಡುವವಳೇ ಅವಳು. ಹಾಪ್ಸ್ ಅನ್ನೋ ಹೂವು ಜಾಸ್ತಿ ಹಾಕಿ ಅವಳು ಮಾಡುವ ಬೀರು ಮೂಗಿಗೆ ಕಂಚಿಕಾಯಿ ಸಿಪ್ಪೆಯ ಪರಿಮಳ, ಬಾಯಿಗೆ ಹಾಗಲಕಾಯಿ. ಅಪ್ಪನ ಕೊನೆಯ ವರ್ಷದಲ್ಲಿ ಊರಿಗೆ ಬಂದಾಗಲೆಲ್ಲ ತಂದುಕೊಟ್ಟಿದ್ದಳು. ಅದನ್ನೇ ಇಡಬೇಕು ಅಂತ ಅವಳ ಹಟ.

"ನಿನ್ನ ಮನಸ್ಸಿಗೆ ಬೇಜಾರಾಗ್ಬಾರ್ದು ಅಂತ ಕುಡೀತಿದ್ರು ಕಣೆ," ಅಂದುಬಿಟ್ಟ ಶ್ಯಾಮ.

ಆ ಮಾತು ಅವಳಿಗೆ ಚುಚ್ಚಿತು. ಊಟಕ್ಕೆ ಕರೆಸಿಕೊಂಡಿದ್ದ ಗುತ್ಯಪ್ಪನ ಪಕ್ಕ ಜಗಲಿಯಲ್ಲಿ ಬಂದು ಕೂತಳು. "ಚಿಕ್ಕಪ್ಪ, ನೀವು ಮುಖ ನೋಡೇ ಹೇಳೋರು. ಅಪ್ಪಂಗೆ ನನ್ನ ಬೀರು ಹಿಡಿಸಿತ್ತಾ, ಇಲ್ಲ ಸುಮ್ನೆ ಹೇಳಿದ್ರಾ? ನಿಜ ಹೇಳಿ."

ಗುತ್ಯಪ್ಪನ ಕೈಯಲ್ಲಿದ್ದ ಎಲೆಅಡಿಕೆ ಹಾಗೇ ಉಳಿಯಿತು. ನಿಜ ಅವನಿಗೆ ಗೊತ್ತಿತ್ತು, ಗೊತ್ತಿದ್ದದ್ದೇ ಕರ್ಮ. ಹಿಡಿಸಿತ್ತು ಅಂತ ಒಂದು ಮಾತು ಅಂದು ಎದ್ದುಹೋಗಬಹುದಿತ್ತು. ಆದರೆ ಯಾಕೆ ಹಿಡಿಸಿತ್ತು ಅನ್ನುವುದನ್ನು ಒಂದೂವರೆ ವರ್ಷದಿಂದ ಎದೆಯಲ್ಲಿಟ್ಟುಕೊಂಡು ಅವನಿಗೆ ನಿದ್ದೆ ಸರಿಯಾಗಿರಲಿಲ್ಲ. ಹೇಳಿದರೆ ಈ ಮನೆಯ ಬಾಗಿಲು ತನಗೆ ಮುಚ್ಚಿತು ಅಂತಲೇ ಅವನ ಲೆಕ್ಕ. ಆದರೂ ಹೇಳಿದ.

"ಹಿಡಿಸಿತ್ತು ಮಗಾ. ನಿಮ್ಮಪ್ಪಂಗೆ ಬಾಯಿ ರುಚಿ ಹೋಗಿತ್ತು. ಮೀನುಸಾರು ಸಪ್ಪೆ, ನಾನು ಹಾಕಿಕೊಡೋ ಬೀರು ನೀರು. ಒಂದಿನ ನಿನ್ನ ಬಾಟ್ಲಿ ಬಾರಿಗೇ ತಂದ. ಕುಡಿದು, 'ಗುತ್ಯಾ, ಇದೊಂದು ಗೊತ್ತಾಗ್ತದೆ ಮಾರಾಯ' ಅಂದ. ಕಣ್ಣಲ್ಲಿ ನೀರಿತ್ತು. ಮನೇಲಿ ಹೇಳಿದ್ರೆ ಆಸ್ಪತ್ರೆಗೆ ಎಳ್ಕೊಂಡು ಹೋಗ್ತಾರೆ, ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡ. ನಾನು ಹೇಳಲಿಲ್ಲ. ಐದು ತಿಂಗಳು ಹೇಳಲಿಲ್ಲ. ಹೊಟ್ಟೇಲಿ ಗಡ್ಡೆ ಅಂತ ಗೊತ್ತಾಗೋ ಹೊತ್ತಿಗೆ ಎಲ್ಲಾ ಮುಗಿದಿತ್ತು. ತಪ್ಪು ನಂದು."

ಬೈದರೆ ಬೈಸಿಕೊಳ್ಳೋಣ ಅಂತ ಗುತ್ಯಪ್ಪ ತಲೆ ತಗ್ಗಿಸಿಯೇ ಇದ್ದ.

"ಫೋನ್ ಮಾಡಿದಾಗೆಲ್ಲ, ಮುಂದಿನ ಸಲ ಇನ್ನೂ ಸ್ವಲ್ಪ ಕಹಿ ಮಾಡು ಮಗಾ ಅಂತಿದ್ರು," ಅಂದಳು ಸೌಜನ್ಯಾ. "ಅಪ್ಪಂಗೆ ರುಚಿ ಹತ್ತಿತು ಅಂತ ನಾನು ಹಿಗ್ಗಿಬಿಟ್ಟಿದ್ದೆ. ಮಾಡಿಮಾಡಿ ತಂದುಕೊಟ್ಟೆ. ಯಾಕೆ ಅಂತ ನಾನೂ ಕೇಳಲಿಲ್ಲ ಚಿಕ್ಕಪ್ಪ."

ಒಳಗಿಂದ ವಿಶಾಲಮ್ಮ, ಹುಲಿಯಪ್ಪನ ಹೆಂಡತಿ, ಎಲೆ ಹಾಕಿಯಾಯಿತು ಬನ್ನಿ ಅಂದರು. ಸೌಜನ್ಯಾ ಕಣ್ಣೊರೆಸಿಕೊಂಡು ಎದ್ದು ಒಳಗೆ ಹೋಗಿ, ಎಡೆಯ ಪಕ್ಕ ತಾನೇ ಇಟ್ಟಿದ್ದ ತನ್ನ ಬಾಟ್ಲಿಯನ್ನು ತೆಗೆದು ಜಗಲಿಯಲ್ಲಿ ಇಟ್ಟುಬಂದಳು. ಅಣ್ಣ ತಂದ ಹಳೇ ಬೀರನ್ನು ಗುತ್ಯಪ್ಪನ ಕೈಗೆ ಕೊಟ್ಟಳು.

"ಅಲ್ಲಿ ಅಪ್ಪಂಗೆ ಬಾಯಿ ಸರಿಯಾಗಿರುತ್ತೆ. ಹದದ್ದೇ ಇಡಾಣ. ನೀವೇ ಹಾಕಿ."

ಗುತ್ಯಪ್ಪ ಬಾಟ್ಲಿಯ ಮೈ ಮುಟ್ಟಿ ನೋಡಿದ. ಸ್ವಲ್ಪ ಜಾಸ್ತಿಯೇ ತಣ್ಣಗಿತ್ತು. ಎಲ್ಲರನ್ನೂ ನಿಲ್ಲಿಸಿಕೊಂಡು ಎರಡೂ ಅಂಗೈಯಲ್ಲಿ ಹಿಡಿದು ಆ ಚಳಿ ಇಳಿಯುವವರೆಗೆ ಕಾದ. ಆಮೇಲೆ ಲೋಟ ಓರೆ ಮಾಡಿ ಹಾಕಿದ, ಎರಡು ಬೆರಳು ನೊರೆ. ಒಂದು ಹನಿ ಚೆಲ್ಲಲಿಲ್ಲ.

ಹಿರಿಯರು ಬಂದು ಉಣ್ಣಲಿ ಅಂತ ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಬಂದರು. ಜಗಲಿಯ ಮೇಲೆ ಸೌಜನ್ಯಾಳ ಬಾಟ್ಲಿ ಒಂಟಿಯಾಗಿ ನಿಂತಿತ್ತು. ಗುತ್ಯಪ್ಪ ಅದನ್ನೊಮ್ಮೆ ನೋಡಿ, ಖಾಲಿ ಲೋಟವೊಂದನ್ನು ಅವಳ ಮುಂದೆ ಹಿಡಿದ.

"ನಂಗೆ ಹಾಕು."

"ನೀವು ಕುಡಿಯಲ್ವಲ್ಲ ಚಿಕ್ಕಪ್ಪ."

"ಹಾಕು ಮಗಾ."

ಅರವತ್ತಾರನೇ ವಯಸ್ಸಿನಲ್ಲಿ ಮೊದಲ ಗುಟುಕು. ಕಹಿ ನಾಲಿಗೆ ಹಿಡಿದು ಕಿವಿಯವರೆಗೆ ಹತ್ತಿತು, ಹುಬ್ಬು ಗಂಟಾಯಿತು. ಈ ಸಲ ಅವನ ಮುಖ ನೋಡುತ್ತಾ ಕೂತವಳು ಅವಳು.

"ಹೆಂಗಿದೆ?"

ಗುತ್ಯಪ್ಪ ಇನ್ನೊಂದು ಗುಟುಕು ಕುಡಿದ.

"ಗೊತ್ತಾಗ್ತದೆ ಮಗಾ," ಅಂದ.