ಓಡದೆ ಉಳಿದ ಎಂಟುನೂರು ಮೀಟರ್

ನನ್ನ ನಿವೃತ್ತಿಗೆ ಇನ್ನು ಮೂರು ವರ್ಷ ಉಳಿದಿತ್ತು. ಸಿಂದಗಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ನಾನು ದೈಹಿಕ ಶಿಕ್ಷಕಿ. ಆ ವರ್ಷ ರಾಜ್ಯಮಟ್ಟದ ಶಾಲಾ ಕ್ರೀಡಾಕೂಟ ಮಂಗಳೂರಿನಲ್ಲಿ ಏರ್ಪಾಡಾಗಿತ್ತು. ಎಂಟುನೂರು ಮೀಟರ್ ಓಟಕ್ಕೆ ನಮ್ಮ ಶಾಲೆಯ ಇಬ್ಬರು ಹುಡುಗಿಯರು ಆಯ್ಕೆಯಾಗಿದ್ದರು. ಒಬ್ಬಳು ಕನ್ನೊಳ್ಳಿಯ ಭಾಗ್ಯಶ್ರೀ, ಇನ್ನೊಬ್ಬಳು ಅವಳ ಗೆಳತಿ ದಾನಮ್ಮ. ಭಾಗ್ಯಶ್ರೀ ಮೊದಲ ಮೂವರಲ್ಲಿ ಬಂದರೆ ಕ್ರೀಡಾ ವಸತಿನಿಲಯದಲ್ಲಿ ಜಾಗ ಸಿಗುವುದು ಬಹುತೇಕ ಖಚಿತವಾಗಿತ್ತು.

ಅವಳ ತಂದೆ ಮಾಳಪ್ಪ ಕುರಿ ಕಾಯುವವನು. ವಿಜಯಪುರ ಸ್ಟೇಷನ್ನಿನವರೆಗೂ ನಮ್ಮ ಜೊತೆ ಬಂದಿದ್ದ. "ಟೀಚರ್, ಇಕೀನ್ನ ನಿಮ್ಮ ಉಡ್ಯಾಗ ಹಾಕೇನಿ, ನೋಡ್ರಿ," ಎಂದು ಕೈ ಮುಗಿದ. ರೈಲು ಬಸವನ ಬಾಗೇವಾಡಿ ರೋಡ್ ದಾಟುವಷ್ಟರಲ್ಲಿ ಹುಡುಗಿಯರು ರೊಟ್ಟಿಯ ಗಂಟು ಬಿಚ್ಚಿದ್ದರು. ಮರುದಿನ ಬೆಳಿಗ್ಗೆ ಘಟ್ಟದ ಸುರಂಗ ಬಂದಾಗಲೆಲ್ಲ ಇಬ್ಬರೂ ಕಿಟಕಿಗೆ ಮುಖವಿಟ್ಟು ಕೂಗುತ್ತಿದ್ದರು. ಅಷ್ಟೊಂದು ನಗುವ ಭಾಗ್ಯಶ್ರೀಯನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಅಂದು ಸಂಜೆ ಮೈದಾನದಲ್ಲಿ ಹಗುರ ಅಭ್ಯಾಸ ಮಾಡಿಸಿದೆ. ಎರಡನೇ ಸುತ್ತಿನ ತಿರುವಿನಲ್ಲಿ ಭಾಗ್ಯಶ್ರೀ ಬಿದ್ದಳು. ನಾನು ಓಡಿಹೋಗುವಷ್ಟರಲ್ಲಿ ಕಣ್ಣು ತೆರೆದಿದ್ದಳು.

"ಕಾಲ ಜಾರಿತ್ರಿ."

ಎಡವಿದವರು ಬೀಳುವಾಗ ಕೈ ಊರುತ್ತಾರೆ, ಅಂಗೈ ತರಚುತ್ತದೆ. ಅವಳ ಎರಡೂ ಅಂಗೈ ಚೊಕ್ಕವಾಗಿದ್ದವು. ಒಡೆದದ್ದು ಗದ್ದ. ನೆಲ ಮುಟ್ಟುವ ಮೊದಲೇ ಎಚ್ಚರ ತಪ್ಪಿತ್ತು ಎಂದು ಅರ್ಥ. ನಾನು ದಾನಮ್ಮನ ಮುಖ ನೋಡಿದೆ. ಅವಳು ಅಳಲು ಶುರುಮಾಡಿದಳು.

"ಹೋದ ತಿಂಗಳ ಸಾಲ್ಯಾಗೂ ಹಿಂಗ ಬಿದ್ದಿದ್ಲ್ರಿ. ನಿಮಗ ಹೇಳಬ್ಯಾಡ ಅಂತ ಆಣಿ ಹಾಕಿಸ್ಕೊಂಡಿದ್ಲು."

ಜಿಲ್ಲಾ ತಂಡದ ಮ್ಯಾನೇಜರ್‌ಗೆ ಇದು ದೊಡ್ಡದೆನಿಸಲಿಲ್ಲ. "ಪ್ರಯಾಣದ ದಣಿವು ಇರಬೇಕ್ರಿ. ಗ್ಲೂಕೋಸ್ ಕೊಡ್ರಿ. ಇಷ್ಟ ದೂರ ಬಂದು ಹೆಸರ ತಗದ್ರ ಹೆಂಗ?" ಎಂದರು. ನಾನು ಆಟೋ ಹಿಡಿದು ಅವಳನ್ನು ಆಸ್ಪತ್ರೆಗೆ ಕರೆದೊಯ್ದೆ. ಇಸಿಜಿಯಲ್ಲಿ ಏನೋ ಏರುಪೇರು ಕಂಡಿತು. ಆಮೇಲೆ ಎಕೋ, ಅಂದರೆ ಹೃದಯದ ಸ್ಕ್ಯಾನಿಂಗ್ ಕೂಡ ಆಯಿತು. ವೈದ್ಯೆ ನನ್ನೊಬ್ಬಳನ್ನೇ ಒಳಗೆ ಕರೆದರು.

"ಹೃದಯದ ಗೋಡೆ ದಪ್ಪವಾಗಿದೆ. ಓಡುವಾಗ ಬಡಿತದ ಲಯ ತಪ್ಪಿದರೆ ಹೃದಯ ನಿಂತೇಬಿಡಬಹುದು. ಇದು ವಂಶದಲ್ಲಿ ಬರುವಂಥದ್ದು. ಇವರ ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ದಿಢೀರನೆ ತೀರಿಕೊಂಡಿದ್ದಾರಾ?"

ನನಗೆ ಗೊತ್ತಿರಲಿಲ್ಲ. ಮಾಳಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿ, ಅದೇ ಪ್ರಶ್ನೆ ಕೇಳಿದೆ. ಆಚೆ ಕಡೆ ಕುರಿಗಳ ಸದ್ದು ದೂರವಾಯಿತು; ಅವನು ಮಂದೆ ಬಿಟ್ಟು ಈಚೆ ಬಂದಿರಬೇಕು.

"ನನ್ನ ಹಿರೀಮಗ ಬೀರಪ್ಪ, ಟೀಚರ್. ಚದುರಿದ ಕುರಿ ಬೆನ್ನ ಹತ್ತಿ ಓಡಿದಾಂವ ಹೊಲದಾಗ ಬಿದ್ದ, ಮತ್ತ ಏಳಲಿಲ್ಲ. ಹಾವ ಮುಟ್ಟೇತಿ ಅಂದ್ರು ಎಲ್ಲಾರೂ. ಕಾಲ ತುಂಬ ಗಾಯ ಹುಡುಕಿದೆ. ಸಿಗಲಿಲ್ಲ."

ಮರುದಿನ ಭಾಗ್ಯಶ್ರೀ ನನ್ನ ಪಕ್ಕದಲ್ಲಿ ಕೂತು ಓಟ ನೋಡಿದಳು. "ಇದೊಂದ ಓಡ್ತೇನ್ರಿ, ಆಮ್ಯಾಲೆ ಬಿಟ್ಟ ಬಿಡ್ತೇನಿ," ಎಂದು ಬೆಳಗಿನಿಂದ ಬೇಡಿಕೊಂಡಿದ್ದಳು. ನಾನು ಒಪ್ಪಿರಲಿಲ್ಲ. ದಾನಮ್ಮ ಗೆಳತಿ ಬಿದ್ದಿದ್ದ ತಿರುವಿಗೆ ಬಂದಾಗ ಹೆಜ್ಜೆ ತಡವರಿಸಿ ಹಿಂದೆ ಬಿದ್ದಳು. ಗೆದ್ದವರ ಹೆಸರು ಕೂಗುತ್ತಿದ್ದಾಗ ಭಾಗ್ಯಶ್ರೀ ನನ್ನ ಕಡೆ ತಿರುಗಿದಳು.

"ಸತ್ರ ನಾ ಸಾಯ್ತಿದ್ದೆ. ನಿಮ್ಮದೇನ್ ಹೋಗ್ತಿತ್ರಿ?"

ಹಿಂತಿರುಗುವಾಗ ಆ ಹದಿನೈದರ ಹುಡುಗಿ ಮೇಲಿನ ಬರ್ತ್ ಹತ್ತಿ ಗೋಡೆಗೆ ಮುಖ ಮಾಡಿ ಮಲಗಿದವಳು ವಿಜಯಪುರ ಬಂದಾಗಲೇ ಕೆಳಗಿಳಿದಳು.

ವೈದ್ಯೆ ಹೇಳಿದಂತೆ ಮನೆಯವರೆಲ್ಲರ ಪರೀಕ್ಷೆ ವಿಜಯಪುರದಲ್ಲಿ ನಡೆಯಿತು. ತಾಯಿಗೆ ಏನೂ ಇರಲಿಲ್ಲ. ಅದೇ ದೋಷ ಮಾಳಪ್ಪನ ಎದೆಯಲ್ಲಿತ್ತು. ಜೀವಮಾನವಿಡೀ ಕುರಿಗಳ ಹಿಂದೆ ಓಡಿದರೂ ಅವನಿಗೆ ಒಮ್ಮೆಯೂ ತಲೆ ತಿರುಗಿರಲಿಲ್ಲ. ಕೆಲವರಲ್ಲಿ ಹೀಗೆ ಸುಮ್ಮನಿರುತ್ತದೆ ಎಂದು ಡಾಕ್ಟರ್ ವಿವರಿಸಿದರು. ಅವನು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಹಂಗಾರ ಇಬ್ರಿಗೂ ನನ್ನಿಂದನ ಬಂತೇನ್ರಿ?"

ಇದು ಯಾರ ತಪ್ಪೂ ಅಲ್ಲ ಎಂದು ಡಾಕ್ಟರ್ ಹೇಳಿದರು. ನಾನೂ ಹೇಳಿದೆ. ಅವನು ತಲೆಯಾಡಿಸಿದ, ಆದರೆ ಬೆಂಚಿನಿಂದ ಏಳಲಿಲ್ಲ. ಕೊನೆಗೆ ಭಾಗ್ಯಶ್ರೀಯೇ ಅವನ ರಟ್ಟೆ ಹಿಡಿದು ಎಬ್ಬಿಸಿದಳು.

ಅಲ್ಲಿಂದ ನಿವೃತ್ತಿಯಾಗುವವರೆಗೆ ಪ್ರತಿ ಜೂನ್‌ನಲ್ಲಿ, ಯಾವ ಮಗುವನ್ನೂ ಓಡಿಸುವ ಮುನ್ನ, ತಂದೆತಾಯಿಯರನ್ನು ಕರೆಸಿ ವೈದ್ಯೆಯ ಆ ಪ್ರಶ್ನೆ ಕೇಳುತ್ತಿದ್ದೆ. ಕೆಲವರು ಅಪಶಕುನವೆಂದು ಸಿಟ್ಟಾದರು. ಆದರೂ ಕೇಳಿದೆ. ಮಕ್ಕಳ ಕಾಲಿನ ವೇಗ ಅಳೆಯುವುದಕ್ಕಿಂತ ಮೊದಲು ಅವರ ಮನೆಯ ಸಾವುಗಳನ್ನು ತಿಳಿಯಬೇಕೆಂದು ನನಗೆ ಈ ಕೆಲಸವೇ ಕಲಿಸಿತು.

ಭಾಗ್ಯಶ್ರೀ ಈಗ ಸಿಂದಗಿಯಲ್ಲಿ ಡಿಗ್ರಿ ಓದುತ್ತಾಳೆ, ದಿನಾ ಮಾತ್ರೆ ನುಂಗುತ್ತಾಳೆ. ಮೊನ್ನೆ ಬಸ್ ನಿಲ್ದಾಣದಲ್ಲಿ ಸಿಕ್ಕಳು. ನಮ್ಮ ಬಸ್ಸು ದೂರದ ಮೂಲೆಯಲ್ಲಿ ಬಂದು ನಿಂತಿತು, ಜನ ಸೀಟಿಗಾಗಿ ಓಡಿದರು. ಅವಳು ಕೂತಲ್ಲೇ ಕೂತಿದ್ದಳು.

"ನೀವ್ ಹೋಗ್ರಿ ಟೀಚರ್. ನಿಮಗ ಓಡಾಕ ಬರ್ತೈತಲ್ಲ."

ನಾನು ಹೋಗಲಿಲ್ಲ. ಬಸ್ಸು ತುಂಬಿ ಹೊರಟುಹೋಯಿತು. ಸ್ವಲ್ಪ ಹೊತ್ತಾದ ಮೇಲೆ ಅವಳು ತನ್ನ ಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡು, ಬೆಂಚಿನ ಮೇಲೆ ನನಗೂ ಜಾಗ ಮಾಡಿಕೊಟ್ಟಳು.