ಸೊಬ್ರೆವೇಗಾ ಸರ್ ಹಚ್ಚಿದ ರೋಗ

ಇಲೊಯ್ಲೊ ನಗರದ ಆ ವಿಶ್ವವಿದ್ಯಾಲಯದಲ್ಲಿ ಅನ್ವಯಿಕ ಗಣಿತ ಓದುವವರಿಗೆಲ್ಲ ಸೊಬ್ರೆವೇಗಾ ಸರ್ ಗೊತ್ತು, ಅವರ ಮೂರು ಸಮೀಕರಣಗಳೂ ಗೊತ್ತು. ಜನರನ್ನು ಮೂರು ಪಾಲು ಮಾಡಬೇಕು: ರೋಗ ಇನ್ನೂ ತಗುಲದವರು, ತಗುಲಿದವರು, ಗುಣವಾದವರು. ಒಬ್ಬ ರೋಗಿ ಸರಾಸರಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ಅಂಟಿಸಿದರೆ ರೋಗ ಹಬ್ಬುತ್ತದೆ, ಇಲ್ಲದಿದ್ದರೆ ಅಡಗುತ್ತದೆ. ಅಷ್ಟೇ. ಇಷ್ಟನ್ನೇ ಬಂಡವಾಳ ಮಾಡಿಕೊಂಡು ಸರ್ ಪ್ರತಿ ಬೇಸಿಗೆ ಪದವಿ ವಿದ್ಯಾರ್ಥಿಗಳಿಂದ ಸಂಶೋಧನೆ ಮಾಡಿಸುತ್ತ ಬಂದಿದ್ದರು. ಒಂದು ವರ್ಷ ಡೆಂಗಿ, ಮರುವರ್ಷ ಗಾಳಿಸುದ್ದಿ, ಆಮೇಲೆ ಕರಾಒಕೆ ಹಾಡಿನ ಹುಚ್ಚು. ಹೆಸರು ಬದಲಾಗುತ್ತಿತ್ತು, ಸಮೀಕರಣದ ಕೂದಲೂ ಕೊಂಕುತ್ತಿರಲಿಲ್ಲ.

ಮೂರನೇ ವರ್ಷದ ಜೋನಾಲಿನ್‌ಗೆ ಆ ಬೇಸಿಗೆಯ ಸೀಟು ಬೇಕೇ ಬೇಕಿತ್ತು. ಇದ್ದದ್ದು ಒಂದೇ ಸೀಟು. ಸಂಶೋಧನೆ ಮಾಡದವರನ್ನು ಮುಂದೆ ಹೆಚ್ಚಿನ ಓದಿಗೆ ಮನಿಲಾದಲ್ಲಿ ಯಾರೂ ಮೂಸಿಯೂ ನೋಡುತ್ತಿರಲಿಲ್ಲ. ಮೊದಲು ಅವಳು ನಿಜವಾದ ಪ್ರಶ್ನೆಯನ್ನೇ ಒಯ್ದಳು. ಜಾರೊ ದಾರಿಯಲ್ಲಿ ಎಷ್ಟು ಕಾದರೂ ಬಸ್ಸಿನಂತೆ ಜನರನ್ನು ಒಯ್ಯುವ ಜೀಪ್ನಿ ಒಂದೂ ಬರದೆ, ಬಂದಾಗ ಮೂರು ಒಟ್ಟಿಗೆ ಬರುವುದೇಕೆ?

ಸರ್ ಬಾಚೊಯ್ ನೂಡಲ್ಸ್ ಬಟ್ಟಲಿನ ಸಾರನ್ನು ಸುರ್ರೆಂದು ಹೀರಿ, "ಜೀಪ್ನಿಗೆ ಜ್ವರ ಬರುತ್ತೇನಮ್ಮಾ?" ಎಂದರು.

"ಇಲ್ಲ ಸರ್."

"ಮತ್ತೆ? ನನ್ನ ಸಮೀಕರಣಕ್ಕೆ ಕೂರೋ ಅಂಥದ್ದು ತಗೊಂಬಾ, ಹೋಗು."

ಜೋನಾಲಿನ್‌ಗೆ ಮೈಯೆಲ್ಲ ಉರಿಯಿತು. ವಾರ ಕಳೆದು, ಸಮೀಕರಣಕ್ಕೆ ಅಚ್ಚುಕಟ್ಟಾಗಿ ಕೂರುವಂಥದ್ದನ್ನೇ ಬರೆದು ತಂದು ಮೇಜಿನ ಮೇಲಿಟ್ಟಳು: 'ಸೊಬ್ರೆವೇಗಾ ಸಮೀಕರಣ ವಿದ್ಯಾರ್ಥಿಗಳಲ್ಲಿ ಹರಡುವ ಬಗೆ'. ಹೊಸ ವಿದ್ಯಾರ್ಥಿಗಳು ಸೇರುತ್ತಲೇ ಇರುವವರೆಗೆ ಈ ರೋಗ ಅಡಗುವುದಿಲ್ಲವೆಂದು ಲೆಕ್ಕ ಸಮೇತ ಸಾಧಿಸಿದ್ದಳು.

ಸರ್ ಪೂರ್ತಿ ಓದಿದರು. ಅವಳು ಬೈಗುಳಕ್ಕೆ ಸಿದ್ಧಳಾಗಿ ನಿಂತಿದ್ದಳು.

"ಗುಣವಾದವರು ಸೊನ್ನೆ ಅಂತ ಹಾಕಿದ್ದೀಯಲ್ಲ?"

"ಹುಡುಕಿದೆ ಸರ್. ಒಬ್ಬರೂ ಸಿಗ್ಲಿಲ್ಲ."

"ಗಣಿತ ಬಿಟ್ಟು ಬ್ಯಾಂಕು ಸೇರ್ಕೊಂಡ್ರಲ್ಲ, ಅವರೆಲ್ಲ ಗುಣವಾದವರೇ ಕಣಮ್ಮಾ!" ಸರ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಪೆನ್ನು ತೆಗೆದು ಶೀರ್ಷಿಕೆಯ ಮೇಲೆ ಗೀಟು ಎಳೆದರು. "ಲೆಕ್ಕ ಚೆನ್ನಾಗಿದೆ, ಮುಟ್ಟಬೇಡ. ಒಳಗೆ ನನ್ನ ಹೆಸರಿರೋ ಕಡೆಯೆಲ್ಲ ಮಿಲ್ಕ್ ಟೀ ಹುಚ್ಚು ಅಂತ ಹಾಕ್ಕೊಂಡು ಬಾ. ಲೇಖಕರ ಜಾಗದಲ್ಲಿ ಮಾತ್ರ ಮೊದಲು ನನ್ನ ಹೆಸರೇ ಇರ್ಲಿ. ಸೀಟು ನಿಂದೇ."

ಜೀಪ್ನಿಗಳ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡು, "ಆಯ್ತು ಸರ್," ಎಂದಳು. ಸಂಜೆಯೊಳಗೆ ತಿದ್ದಿಯೂ ಕೊಟ್ಟಳು.

ಹೊರಗೆ ವಿಷಯ ಗೊತ್ತಿದ್ದ ಗೆಳತಿಯರು ಮುತ್ತಿಕೊಂಡರು. "ಏನಂದ್ರೇ? ಚೆನ್ನಾಗಿ ಉಗಿದ್ರಾ?"

"ಇಲ್ಲ ಕಣ್ರೇ, ಮೆಚ್ಕೊಂಡ್ರು," ಎಂದಳು. ಹೇಳಿದ್ದು ನಿಜವೇ ಆಗಿತ್ತು. ಅದಕ್ಕೇ, ಅಣಕಿಸಲು ಹೋಗಿದ್ದ ಅವಳಿಗೆ ತಲೆಯೆತ್ತಲಾರದಷ್ಟು ನಾಚಿಕೆಯಾಯಿತು.