ತೊಟ್ಟಿಗೆ ಕಡಲು ಹೊರುವ ಥೆಮೆಲಿನಾ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಾಲಿಮ್ನೋಸ್ ದ್ವೀಪದ ಬಂದರಿನಾಚೆ, ದೋಣಿಗಳ ಎಣ್ಣೆ ತೇಲದ ಕಡೆ, ಥೆಮೆಲಿನಾ ಬಂಡೆಯ ಮೇಲೆ ಕೂತು ಕ್ಯಾನಿಗೆ ಸಮುದ್ರದ ನೀರು ತುಂಬುತ್ತಿದ್ದಾರೆ.

"ಏ ಥೆಮೆಲಿನಾ, ನಮಗೂ ಸ್ವಲ್ಪ ಬಿಡು, ದೋಣಿ ತೇಲಬೇಕು!" ಬಲೆ ಎಳೆಯುತ್ತಿರುವ ಬೆಸ್ತ ಮಿಖಾಲಿಸ್ ಕೂಗುತ್ತಾನೆ.

"ನಿನ್ನ ದೋಣಿ ತೇಲೋದೇ ಪವಾಡ, ನೀರಿನ ಮೇಲೆ ಯಾಕೋ ತಪ್ಪು ಹೊರಿಸ್ತೀಯ?"

ಮನೆಗಳ ಗಾಜಿನ ತೊಟ್ಟಿಗೆ ಉಪ್ಪುನೀರು ಹೊತ್ತು, ಅದರಲ್ಲಿ ಹವಳ, ಮೀನು ಬಾಳುವಂತೆ ನೋಡಿಕೊಳ್ಳುವುದು ಇವರ ಕೆಲಸ. ಬಾಗಿಲಲ್ಲೇ ಸಮುದ್ರ ಇರುವಾಗ ಮನೆಯೊಳಗೊಂದು ಯಾಕೆ ಎಂದು ಕೇಳದವರೇ ಊರಲ್ಲಿಲ್ಲ. ಮೊದಲು, ಕಡಲಿನಿಂದ ತೆಗೆದ ಸ್ಪಂಜು ತೊಳೆಯುವ ಕಾರ್ಖಾನೆಯಲ್ಲಿದ್ದರು. ಅದು ಮುಚ್ಚಿತು, ಗಂಡ ಹಾಸಿಗೆ ಹಿಡಿದ. ಆಗ ಹಲ್ಲಿನ ಡಾಕ್ಟರೊಬ್ಬರು ತಮ್ಮ ತೊಟ್ಟಿಗೆ ನೀರು ತರಲು ಕರೆದರು. "ಮೀನು ಸಾಯಿಸಿ ಸಾಯಿಸಿಯೇ ಕಲಿತೆ. ಸುಳ್ಳು ಯಾಕೆ ಹೇಳ್ಲಿ?" ಎನ್ನುತ್ತಾರೆ. ಉಪ್ಪಿಗೆ ಒಡೆದ ಅಂಗೈಗೆ ರಾತ್ರಿ ಆಲಿವ್ ಎಣ್ಣೆ ಸವರಿಕೊಂಡು ಮಲಗುತ್ತಾರೆ.

ಮಕ್ಕಳ ಪುಟ್ಟ ತೊಟ್ಟಿಯನ್ನು ಅವರು ಒಪ್ಪಿಕೊಳ್ಳುವುದೇ ಇಲ್ಲ. ದೊಡ್ಡ ತೊಟ್ಟಿ ಒಂದು ತಪ್ಪನ್ನು ತಡೆದುಕೊಳ್ಳುತ್ತದೆ, ಚಿಕ್ಕದಕ್ಕೆ ಆ ತಾಕತ್ತಿಲ್ಲ. ಆದರೆ ಎಂಟು ವರ್ಷದ ನೊಮಿಕಿ ಬೆನ್ನು ಬಿಡಲಿಲ್ಲ. ಥೆಮೆಲಿನಾ ಸೋತು ಒಪ್ಪಿ, ಅವಳ ಚಿನ್ನದ ಮೀನುಗಳನ್ನು ಶಾಲೆಯ ಕೊಳಕ್ಕೆ ಬಿಡಿಸಿ, ಹಳೆಯ ಕಲ್ಲು ಬಿಸಾಕಿಸಿ, ತೊಟ್ಟಿ ಉಜ್ಜಿಸಿ, ಮರಳು, ಬಂಡೆ, ಕಡಲಿನ ನೀರು ತುಂಬಿಸಿದರು. ಆಮೇಲೆ ತೊಟ್ಟಿ ಹದಕ್ಕೆ ಬರಲೆಂದು ವಾರಗಟ್ಟಲೆ ಬರೀ ನೀರು. ಬಂದವರೆಲ್ಲ "ಮೀನೆಲ್ಲಿ?" ಎಂದು ನಕ್ಕರೂ ಹುಡುಗಿ ಕಾದಳು. ಕೊನೆಗೆ ಅಥೆನ್ಸಿನಿಂದ ಒಂದು ಮೆತ್ತನೆಯ ಹವಳ ಬಂತು, ಜೊತೆಗೆ ಬಿಳಿಪಟ್ಟೆಯ ಕಿತ್ತಳೆ ಮೀನು. ಅದು ಸತ್ತರೆ ತೊಟ್ಟಿ ತಾರಸಿಗೆ, ಅದರಲ್ಲಿ ತುಳಸಿ ನೆಡುತ್ತೇನೆ ಎಂದು ಹುಡುಗಿಯ ಅಮ್ಮ ಮೊದಲೇ ಹೇಳಿಬಿಟ್ಟಿದ್ದಾಳೆ.

ಇವತ್ತು ಕ್ಯಾನು ಹೊತ್ತು ಆ ಮನೆ ಮೆಟ್ಟಿಲು ಹತ್ತಿದರೆ, ಹವಳ ಮುದುಡಿ ಮುಷ್ಟಿಯಾಗಿದೆ. ಮೀನು ತಳದಲ್ಲಿ ಏದುಸಿರು ಬಿಡುತ್ತಿದೆ. ನೊಮಿಕಿಯ ಕಣ್ಣು ಅತ್ತು ಕೆಂಪಾಗಿದೆ.

ಥೆಮೆಲಿನಾ ಉಪ್ಪಳೆಯುವ ಗಾಜಿನ ಕೊಳವೆ ಇಳಿಬಿಡುತ್ತಾರೆ. ಅಯ್ಯೋ ದೇವರೇ, ಉಪ್ಪೋ ಉಪ್ಪು! ತಿರುಗಿ ನೋಡಿದರೆ ನೊಮಿಕಿಯ ಅಜ್ಜಿ ಸೆವಾಸ್ತಿ ಏಪ್ರನ್ನು ಹಿಂಡುತ್ತಾ ನಿಂತಿದ್ದಾರೆ.

"ನಾನೇ ಕಣೇ. ಆಲಿವ್ ಉಪ್ಪಿನಕಾಯಿ ಹಾಕೋವಾಗ ಮೊಟ್ಟೆ ತೇಲತ್ತಾ ಅಂತ ನೋಡ್ತೀವಲ್ಲ, ಹಾಗೇ ಒಂದು ಲೋಟ ನೀರು ತೆಗೆದು ಮೊಟ್ಟೆ ಬಿಟ್ಟೆ. ಮುಳುಗಿಹೋಯ್ತು! ಪಾಪ, ಉಪ್ಪು ಸಾಲ್ದು ಅಂತ ಹಾಕಿಬಿಟ್ಟೆ."

"ಅಮ್ಮಾ, ಮೀನು ಸಾಕ್ತಿದೀವಿ, ಉಪ್ಪಿನಕಾಯಿ ಹಾಕ್ತಿಲ್ಲ!" ಥೆಮೆಲಿನಾಗೆ ನಗು ಬರುತ್ತದೆ, ತಡೆದುಕೊಳ್ಳುತ್ತಾರೆ. "ಕಡಲಲ್ಲೂ ಮೊಟ್ಟೆ ಮುಳುಗತ್ತೆ."

"ಅಜ್ಜೀ, ಇನ್ನು ನಿನ್ನ ಜೊತೆ ಮಾತೇ ಆಡಲ್ಲ!" ಹುಡುಗಿ ಮುಖ ತಿರುಗಿಸುತ್ತಾಳೆ.

ಒಮ್ಮೆಲೇ ಸಿಹಿನೀರು ಸುರಿದರೆ ಮೀನು ಆ ಪೆಟ್ಟಿಗೇ ಸಾಯುತ್ತದೆ. ಒಂದು ಕಪ್ಪು ಉಪ್ಪುನೀರು ತೆಗೆಯಬೇಕು, ಒಂದು ಕಪ್ಪು ಸಿಹಿನೀರು ಹಾಕಬೇಕು, ಕಾಯಬೇಕು. ಥೆಮೆಲಿನಾ ಬೇರೆ ಮನೆಗಳಿಗೆ ನಾಳೆ ಬರುತ್ತೇನೆಂದು ಹೇಳಿ, ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಕಪ್ಪನ್ನು ಅಜ್ಜಿಯ ಕೈಗೇ ಕೊಡುತ್ತಾರೆ.

"ಬೇಡಮ್ಮ, ಈ ಕೈ ಮುಟ್ಟಿದ್ದು ಸಾಕು."

"ನೀವೇ ಹಾಕಬೇಕು. ಈ ಮನೇಲಿ ಹಗಲೆಲ್ಲ ತೊಟ್ಟಿ ಮುಂದೆ ನಿಂತು ನೋಡೋರು ನೀವೊಬ್ರೇ. ನೀರು ಆರಿ ಕಮ್ಮಿಯಾದ್ರೂ ಉಪ್ಪು ಅಲ್ಲೇ ಉಳಿಯತ್ತೆ. ಸಿಹಿನೀರು ಮಾತ್ರ ಹಾಕಿ, ಅಷ್ಟೇ."

ಮಧ್ಯಾಹ್ನ ಬ್ರೆಡ್ಡು, ಚೀಸು ತೊಟ್ಟಿಯ ಪಕ್ಕದಲ್ಲೇ ಮುಗಿಯುತ್ತದೆ. ಇಡೀ ದಿನ ಹುಡುಗಿ ಅಜ್ಜಿಯತ್ತ ನೋಡುವುದಿಲ್ಲ. ಅಜ್ಜಿಯ ಕೈ ಮಾತ್ರ ನಿಲ್ಲುವುದಿಲ್ಲ. ಸಂಜೆ ಮೀನು ತಳ ಬಿಟ್ಟು ಮೇಲೇಳುತ್ತದೆ. ಹವಳದ ಒಂದೇ ಒಂದು ಎಳೆ ಹೊರಗೆ ಚಾಚುತ್ತದೆ.

"ಅಜ್ಜೀ! ಬಾ ಬೇಗ, ನೋಡಿಲ್ಲಿ!"

ಕೂಗಿದ ಮೇಲೆ ಹುಡುಗಿಗೆ ಸಿಟ್ಟು ನೆನಪಾಗುತ್ತದೆ. ಹೊತ್ತು ಮೀರಿದೆ, ಅಜ್ಜಿ ಆಗಲೇ ಅವಳ ಕೆನ್ನೆಗೆ ಕೆನ್ನೆ ತಾಗಿಸಿ ಗಾಜಿನೊಳಗೆ ಇಣುಕುತ್ತಿದ್ದಾರೆ. ಥೆಮೆಲಿನಾ ಕ್ಯಾನು ಎತ್ತಿಕೊಂಡು ಹೊರಡುತ್ತಾರೆ. ಇಬ್ಬರೂ ತಿರುಗಿ ನೋಡುವುದಿಲ್ಲ.

ಬೇಜಾರಾಯಿತೇ ಎಂದು ಕೇಳಿದರೆ ಮೆಟ್ಟಿಲಿಳಿಯುತ್ತಾ ಹೇಳುತ್ತಾರೆ: "ಬೇಜಾರ್ಯಾಕೆ? ಅವರು ನನ್ನ ಮರೆತ್ರು ಅಂದ್ರೆ ಮೀನು ಬದುಕಿದೆ ಅಂತ ತಾನೇ?"